ಕಾಲಂ 9 ಎಲ್ಲಿ ಹೋಯಿತು?

ಶಿರಾ, ಪಾವಗಡದ ರೈತರಿಗೆ ಪಹಣಿಯ ಕಾಲಂ ಸಂಖ್ಯೆಗಳು ಬಾಯಿಪಾಠ. ಕಾಲಂ 9ರಲ್ಲಿ ಹೆಸರು ಬಂತಾ, 11ರಲ್ಲಿ ಬ್ಯಾಂಕಿನ ಸಾಲ ಕೂತಿದೆಯಾ ಎಂದೇ ಮಾತು ಶುರುವಾಗುತ್ತದೆ. ಗಡಿ ದಾಟಿ ಆಂಧ್ರದ ಮಡಕಶಿರಾಕ್ಕೆ ಬಂದರೆ ಎಷ್ಟೋ ಮನೆಗಳಲ್ಲಿ ಕನ್ನಡವೇ, ಕಾಗದ ಮಾತ್ರ ಪಹಣಿಯಂಥದ್ದೇ ಆದ ತೆಲುಗಿನ ಅಡಂಗಲ್. ಅದರಲ್ಲಿ ಜಮೀನಿನ ಒಡೆಯನಾದ ಪಟ್ಟಾದಾರನಿಗೊಂದು ಕಾಲಂ, ಅದನ್ನು ಅನುಭವಿಸುತ್ತಿರುವ ಅನುಭವದಾರನಿಗೊಂದು ಕಾಲಂ.

ಗಡಿಯ ಊರುಗಳ ಜಿಲ್ಲೆ ಬದಲಾಗುವುದೂ ಉಂಟು. 1953ರಲ್ಲಿ ರಾಯದುರ್ಗ ಬಳ್ಳಾರಿಯಿಂದ ಅನಂತಪುರ ಜಿಲ್ಲೆಗೆ ಹೋಯಿತು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಊರಿನವರಿಗೆ ದೊಡ್ಡ ಸಂಗತಿ. ಆದರೆ ಕಂಪ್ಯೂಟರಿನ ಟೇಬಲ್‌ನಲ್ಲಿ ‘ಜಿಲ್ಲೆ’ ಕಾಲಂನಲ್ಲಿರುವ ಹೆಸರು ತಿದ್ದಿದರೆ ಮುಗಿಯಿತು. ಕಾಲಂಗಳ ಜಾಗವನ್ನೇ ಬದಲಿಸುವುದು ಬೇರೆಯೇ ಕಥೆ, ಕೇಳುಗರೇ.

ಆ ಕಥೆಯ ನಾಯಕ ಎಡ್ಗರ್ ಕಾಡ್. ಇಂಗ್ಲೆಂಡಿನ ಗಣಿತಜ್ಞ, ಎರಡನೇ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು. ಅಮೆರಿಕದಲ್ಲಿ ಕಮ್ಯುನಿಸ್ಟರ ಬೇಟೆಗಿಳಿದಿದ್ದ ಸೆನೆಟರ್ ಮೆಕಾರ್ಥಿಯ ಕಾಟಕ್ಕೆ ರೋಸಿ ಕೆನಡಾಕ್ಕೆ ಹೊರಟುಹೋದ ಸ್ವಾಭಿಮಾನಿ. ಮರಳಿ ಬಂದು ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದಾಗ, 1970ರ ಜೂನ್‌ನಲ್ಲಿ, ಮಾಹಿತಿಯನ್ನು ಟೇಬಲ್‌ಗಳಲ್ಲಿಡುವ ರಿಲೇಷನಲ್ ಡೇಟಾಬೇಸ್‌ನ ಮೂಲ ಪ್ರಬಂಧ ಪ್ರಕಟಿಸಿದ. ಸರ್ಕಾರಿ ದಾಖಲೆಗಳಲ್ಲಿ ಮೂವತ್ತು ಕಾಲಂ ಇರುವುದೇನೂ ಅಪರೂಪವಲ್ಲ, ಅವುಗಳ ಕ್ರಮವನ್ನು ನೆನಪಿಡುವ ಹೊರೆ ಬಳಸುವವನ ಮೇಲೆ ಬೀಳಬಾರದು ಎಂಬುದು ಅವನ ವಾದ. ಯಂತ್ರದ ಒಂದು ಭಾಗದೊಳಗೆ ಇನ್ನೊಂದು ಭಾಗ ಸೇರುವ ಉದಾಹರಣೆ ಕೊಟ್ಟ. ಎರಡು ಕಾಲಂಗಳಲ್ಲೂ ಇರುವುದು ಭಾಗದ ಸಂಖ್ಯೆಯೇ. ಯಾವುದು ಯಾವುದರೊಳಗೆ ಎಂದು ತಿಳಿಯಲು ಎರಡಕ್ಕೂ ಪಾತ್ರದ ಹೆಸರು ಬೇಕು. ಪಟ್ಟಾದಾರ, ಅನುಭವದಾರ ಕಾಲಂಗಳದ್ದೂ ಇದೇ ಸ್ಥಿತಿ: ಎರಡರಲ್ಲೂ ಇರುವುದು ಮನುಷ್ಯರ ಹೆಸರು.

ಎಷ್ಟು ಚೆಂದದ ವಿಚಾರ! ಅವನದೇ ಐಬಿಎಂನಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಮಂಡಿಸಿದ ಸೀಕ್ವೆಲ್ ಎಂಬ ಡೇಟಾಬೇಸ್ ಭಾಷೆ ಮುಂದೆ ಎಸ್‌ಕ್ಯೂಎಲ್ ಆಗಿ ಜಗತ್ತನ್ನೇ ಆಳಿತು. ಎಡದಿಂದ ಬಲಕ್ಕೆ ಎಂಬ ಕ್ರಮ ಮಾತ್ರ ಅದರಲ್ಲಿ ಉಳಿದುಬಿಟ್ಟಿತು. ಕಾಲಂಗಳ ಹೆಸರು ಬರೆಯದೆ, ಹೊಸ ಸಾಲು ಸೇರಿಸುವ ‘ಇನ್ಸರ್ಟ್’ ಆಜ್ಞೆ ಕೊಟ್ಟರೆ ಮೌಲ್ಯಗಳು ಸಾಲಾಗಿ, ಇದ್ದ ಜಾಗಕ್ಕೆ ಬೀಳುತ್ತವೆ. ಯಾರೋ ಕಾಲಂಗಳನ್ನು ಹಿಂದುಮುಂದು ಮಾಡಿದ್ದರೆ ಹಳೆಯ ಪ್ರೋಗ್ರಾಂ ಅನುಭವದಾರನನ್ನು ಪಟ್ಟಾದಾರನ ಜಾಗದಲ್ಲಿ ಕೂರಿಸುತ್ತದೆ. ಎರಡೂ ಹೆಸರುಗಳೇ ಆದ್ದರಿಂದ ಕಂಪ್ಯೂಟರ್ ತಕರಾರು ತೆಗೆಯುವುದಿಲ್ಲ. ಬಳಕೆಗೆ ಸುಲಭವಾಯಿತು ನಿಜ, ಆದರೆ ಕಾಡ್‌ನ ಒಂದು ಮುಖ್ಯ ಎಚ್ಚರಿಕೆ ಕೈಬಿಟ್ಟು ಹೋಯಿತಲ್ಲ ಎಂಬ ನೋವು ಈ ವಿಷಯ ಬಲ್ಲವರಿಗೆ ಇಂದಿಗೂ ಇದೆ.

ಕಾಲಂಗಳ ಜಾಗ ಬದಲಿಸುವ ಬಗೆಯನ್ನು ಬೇಗ ಹೇಳಿ ಮುಗಿಸಬಹುದು; ಒಂದೊಂದು ಡೇಟಾಬೇಸ್‌ನಲ್ಲಿ ಒಂದೊಂದು ರೀತಿ. ಮೈಎಸ್‌ಕ್ಯೂಎಲ್‌ನಲ್ಲಿ ‘ಫಸ್ಟ್’, ‘ಆಫ್ಟರ್’ ಎಂದು ಬರೆದು ಕಾಲಂ ಸರಿಸಬಹುದು; ಒಳಗೊಳಗೇ ಇಡೀ ಟೇಬಲ್ ಮತ್ತೆ ಕಟ್ಟಬೇಕಾಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಆ ಆಜ್ಞೆಯೇ ಇಲ್ಲ. ಹೊಸ ಟೇಬಲ್ ಮಾಡಿ ಎಲ್ಲವನ್ನೂ ನಕಲಿಸಬೇಕು, ಇಲ್ಲವೇ ಬೇಕಾದ ಕ್ರಮದಲ್ಲಿ ತೋರಿಸುವ ವ್ಯೂ ಒಂದನ್ನು ಮೇಲೆ ಕೂರಿಸಬೇಕು. 2013ರ ಒರಾಕಲ್ 12ಸಿಯಲ್ಲಿ ಕಾಲಂ ಮರೆಮಾಡುವ ಸೌಲಭ್ಯ ಬಂತು. ಮರೆಮಾಡಿದ್ದನ್ನು ಮತ್ತೆ ತೋರಿಸಿದರೆ ಅದು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತದೆ. ಒರಾಕಲ್‌ನಲ್ಲಿ ಕ್ರಮ ಬದಲಿಸಲು ಈಗ ಅನೇಕರು ಹಿಡಿಯುವ ದಾರಿ ಅದೇ.