ಗಣಕಯಂತ್ರದ ಕಾವು

ದುಡಿಮೆಯಿದ್ದಲ್ಲಿ ಕಾವು ಇದ್ದೇ ಇರುತ್ತದೆ. ಬಂಡಿಯ ಅಚ್ಚಿಗೂ ಬೀಸುವ ಕಲ್ಲಿಗೂ ಸಲ್ಲುವ ಈ ಮಾತು, ಅಲುಗಾಡುವ ಭಾಗವೊಂದೂ ಇಲ್ಲದ ಗಣಕಯಂತ್ರದ ಸಂಸ್ಕಾರಕಕ್ಕೂ, ಅಂದರೆ ಪ್ರೊಸೆಸರಿಗೂ, ಅಷ್ಟೇ ಸಲ್ಲುತ್ತದೆ. ಅದು ಸೇವಿಸಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬೀಳಬೇಕು. ೧೯೭೮ರಲ್ಲಿ ಬಂದ ಇಂಟೆಲ್ ೮೦೮೬ಕ್ಕೆ ಗಾಳಿ ಬೀಸುವವರು ಬೇಕಿರಲಿಲ್ಲ. ೧೯೯೩ರ ಮೊದಲ ಪೆಂಟಿಯಂ ಸುಮಾರು ೧೫ ವ್ಯಾಟ್ ಕಾವನ್ನು ಹೊರಹಾಕಿತು. ಅದರ ನೆತ್ತಿಯ ಮೇಲೆ ಫ್ಯಾನು ಬಂದು ಕುಳಿತಿತು. ೨೦೨೨ರ ಕೋರ್ ಐ೯-೧೩೯೦೦ಕೆ ಪೂರ್ಣವೇಗದಲ್ಲಿ ೨೫೩ ವ್ಯಾಟ್‌ವರೆಗೆ ವಿದ್ಯುತ್ತನ್ನು ಬಳಸುತ್ತದೆ. ರೇಡಿಯೋ ರಿಪೇರಿಯವರು ಹಿಡಿಯುವ ೨೫ ವ್ಯಾಟಿನ ಬೆಸುಗೆಕಡ್ಡಿಗಳು ಹತ್ತನ್ನು ಒಂದು ಅಂಚೆಚೀಟಿಯ ಮೇಲೆ ಒಟ್ಟಿಗೇ ಇಟ್ಟರೆ ಎಷ್ಟೋ, ಅಷ್ಟು ಕಾವು ಅದು.

ಈ ಕಾವನ್ನು ಎತ್ತಿ ಗಾಳಿಗೆ ತೂರುವ ಉಪಕರಣವೇ ಕೂಲರ್. ತಾಮ್ರದ ಒಂದು ಪೀಠ, ಅದರಿಂದ ಮೇಲೇಳುವ ತಾಮ್ರದ ಕೊಳವೆಗಳು, ಕೊಳವೆಗಳಿಗೆ ಪೋಣಿಸಿದ ಅಲ್ಯೂಮಿನಿಯಂ ಹಾಳೆಗಳು, ಪಕ್ಕದಲ್ಲಿ ಒಂದು ಫ್ಯಾನು – ಅದರ ಸಂಸಾರ ಇಷ್ಟೇ. ಆದರೆ ಆ ಕೊಳವೆಗಳು ಬರಿಯ ತಾಮ್ರವಲ್ಲ. ಒಳಗೆ ಗಾಳಿಯನ್ನು ತೆಗೆದು, ಕೊಂಚ ನೀರನ್ನು ತುಂಬಿ, ಬಾಯಿ ಮುಚ್ಚಿರುತ್ತಾರೆ. ಬಿಸಿಯಾದ ತುದಿಯಲ್ಲಿ ನೀರು ಆವಿಯಾಗಿ ಓಡುತ್ತದೆ. ತಂಪಾದ ತುದಿಯಲ್ಲಿ ಮತ್ತೆ ಹನಿಯಾಗುತ್ತದೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಒಳಗೋಡೆಯ ಸೂಕ್ಷ್ಮ ರಂಧ್ರಗಳು ಆ ಹನಿಗಳನ್ನು ಹೀರಿ ತಿರುಗಿ ಕೆಳಗೆ ತರುತ್ತವೆ. ಮೋಡ ಮಳೆಗಳ ಚಕ್ರವೇ ಗೇಣುದ್ದದ ಕೊಳವೆಯಲ್ಲಿ ಸದ್ದಿಲ್ಲದೆ ನಡೆಯುತ್ತಿದೆ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯ ಜಾರ್ಜ್ ಗ್ರೋವರ್ ೧೯೬೩ರಲ್ಲಿ ಈ ಕೊಳವೆಯನ್ನು ಸಿದ್ಧಪಡಿಸಿ ತೋರಿಸಿದರು.

ಇಂಥ ಕೂಲರಿನ ಆಯುಸ್ಸು ದೀರ್ಘವಾದದ್ದು. ಸವೆಯುವುದು ಫ್ಯಾನೊಂದೇ, ಅದನ್ನು ಬದಲಾಯಿಸಬಹುದು. ಮದರ್‌ಬೋರ್ಡು ಕೆಟ್ಟಾಗ, ಅಥವಾ ಹಳತಾಯಿತೆಂದು ಹೊಸದನ್ನು ತಂದಾಗ, ಗಟ್ಟಿಮುಟ್ಟಾದ ಕೂಲರನ್ನೂ ಅದರೊಡನೆ ಗುಜರಿಗೆ ಹಾಕುವುದು ಅನ್ಯಾಯ. ಕದ ಹಳತಾಯಿತೆಂದು ಹಿತ್ತಾಳೆಯ ಚಿಲಕವನ್ನು ಎಸೆಯುವವರುಂಟೆ? ಆದರೆ ಚಿಲಕವನ್ನು ಹೊಸ ಕದಕ್ಕೆ ಕೂಡಿಸುವಾಗ ರಂಧ್ರ ಹೊಂದಬೇಕು. ೨೦೨೦ರ ಎಲ್‌ಜಿಎ ೧೨೦೦ ಪೀಠದ ಸುತ್ತಲಿನ ತಿರುಪು ರಂಧ್ರಗಳ ನಡುವಣ ಅಂತರ ೭೫ ಮಿ.ಮೀ.; ಮರುವರ್ಷದ ಎಲ್‌ಜಿಎ ೧೭೦೦ ಪೀಠದಲ್ಲಿ ಅದು ೭೮ ಮಿ.ಮೀ. ಸಾಲದೆಂಬಂತೆ, ಚೌಕವಾಗಿದ್ದ ಸಂಸ್ಕಾರಕ ಆಯತವಾಯಿತು. ಅದರ ನೆತ್ತಿಯೂ ತುಸು ತಗ್ಗಿತು. ಹಳೆಯ ಹಿಡಿಪಟ್ಟಿಯನ್ನು ಹೇಗೋ ಎಳೆದು ಕೂಡಿಸಿದರೂ ಪೀಠ ಮೇಲೆಯೇ ತೇಲಿದಂತಿದ್ದು ಒತ್ತಡ ಸಾಲದು. ಆದುದರಿಂದ ಆಯಾ ಪೀಠಕ್ಕೆ ತಯಾರಕರೇ ಒದಗಿಸುವ ಹಿಡಿಪಟ್ಟಿಯನ್ನು ಮೊದಲು ತರಿಸಿಕೊಂಡು, ಅನಂತರವೇ ತಿರುಪುಳಿಗೆ ಕೈಹಾಕುವುದು ವಿವೇಕ.

ಹಳೆಯ ಕೂಲರನ್ನು ಬಿಚ್ಚುವುದಕ್ಕೂ ಒಂದು ನಯವುಂಟು. ಸಾಧ್ಯವಿದ್ದರೆ ಯಂತ್ರವನ್ನು ಕೆಲವು ನಿಮಿಷ ನಡೆಸಿ, ನಿಲ್ಲಿಸಿ, ವಿದ್ಯುತ್ ತಂತಿಯನ್ನು ಕಳಚಬೇಕು. ಆ ಕಾವಿಗೆ ನಡುವಣ ಲೇಪ ಮೆದುವಾಗುತ್ತದೆ. ಬಳಿಕ ಮೇಲಕ್ಕೆ ಕೀಳದೆ, ಎಡಕ್ಕೂ ಬಲಕ್ಕೂ ಮೆಲ್ಲನೆ ತಿರುಚಿ ಬಿಡಿಸಬೇಕು. ಎ.ಎಂ.ಡಿ.ಯ ಎಎಂ೪ ಪೀಠದಲ್ಲಿ ಒಮ್ಮೆಗೇ ಎಳೆದರೆ ಸಂಸ್ಕಾರಕವೂ ಕೂಲರಿಗಂಟಿಕೊಂಡು ಕಿತ್ತುಬರುವುದುಂಟು; ಅದರ ೧೩೩೧ ಸೂಜಿಗಳಲ್ಲಿ ಒಂದು ಬಾಗಿದರೂ ತೊಂದರೆಯೇ.

ಇನ್ನು ಲೇಪದ ಮಾತು. ಎಷ್ಟೇ ನುಣುಪಾಗಿ ಕಂಡರೂ ಎರಡು ಲೋಹದ ಮುಖಗಳ ನಡುವೆ ಸೂಕ್ಷ್ಮವಾದ ಹಳ್ಳದಿಣ್ಣೆಗಳಿರುತ್ತವೆ. ಅಲ್ಲಿ ಗಾಳಿ ಅವಿತಿರುತ್ತದೆ. ಶಾಖವನ್ನು ಸಾಗಿಸುವುದರಲ್ಲಿ ಲೇಪವು ಗಾಳಿಗಿಂತ ನೂರಾರು ಪಾಲು ಮೇಲು, ತಾಮ್ರಕ್ಕಿಂತ ಹತ್ತಾರು ಪಾಲು ಕೀಳು. ಈ ಒಂದು ಮಾತನ್ನು ಅರಿತರೆ ಎಷ್ಟು ಹಚ್ಚಬೇಕೆಂಬ ಪ್ರಶ್ನೆಯೇ ಉಳಿಯುವುದಿಲ್ಲ: ಹಳ್ಳ ತುಂಬಬೇಕು, ಗೋಡೆಯಾಗಬಾರದು. ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತೋಯಿಸಿದ ಬಟ್ಟೆಯಿಂದ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಇಟ್ಟು, ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಹೊಸ ಕೂಲರಾದರೆ ಪೀಠಕ್ಕೆ ಅಂಟಿಸಿ ಬಂದ ಪ್ಲಾಸ್ಟಿಕ್ ಹಾಳೆಯನ್ನು ಮರೆಯದೆ ಸುಲಿಯಬೇಕು.

ಎಲ್ಲವನ್ನೂ ಜೋಡಿಸಿ ಗುಂಡಿಯನ್ನೊತ್ತಿದಾಗ ಫ್ಯಾನು ತಿರುಗುತ್ತದೆ, ಪರದೆ ಕತ್ತಲಾಗಿಯೇ ಉಳಿಯುತ್ತದೆ. ಇಂಥ ಗಳಿಗೆಯಲ್ಲಿ ಗಾಬರಿಯಿಂದ ಎಲ್ಲವನ್ನೂ ಕಿತ್ತುಹಾಕುವುದೇ ದೊಡ್ಡ ಕೇಡು. ಡಿಡಿಆರ್೫ ಸ್ಮೃತಿಪಟ್ಟಿಗಳಿರುವ ಯಂತ್ರ ಮೊದಲ ಸಲ ಎಚ್ಚರಗೊಳ್ಳುವಾಗ ಅವುಗಳೊಡನೆ ಹೊಂದಿಕೊಳ್ಳಲು ಕೆಲವು ನಿಮಿಷಗಳನ್ನೇ ತೆಗೆದುಕೊಳ್ಳಬಹುದು, ಕಾಯಬೇಕು. ಕಾದರೂ ಕಣ್ಣು ತೆರೆಯದಿದ್ದರೆ ಸುಲಭವಾದುದರಿಂದ ಕಠಿನವಾದುದರ ಕಡೆಗೆ ಹೋಗಬೇಕು. ಸಂಸ್ಕಾರಕಕ್ಕೇ ಮೀಸಲಾದ ೮ ಸೂಜಿಗಳ ವಿದ್ಯುತ್ ತಂತಿಯನ್ನು ಸಿಕ್ಕಿಸಿದೆಯೆ? ಗ್ರಾಫಿಕ್ಸ್ ಕಾರ್ಡು ಇದ್ದಲ್ಲಿ ಪರದೆಯ ತಂತಿ ಅದಕ್ಕೇ ಸೇರಿದೆಯೆ? ಸ್ಮೃತಿಪಟ್ಟಿಗಳು ಕ್ಲಿಕ್ಕೆಂದು ಕುಳಿತಿವೆಯೆ? ಹೊಸ ಸಂಸ್ಕಾರಕವನ್ನು ಗುರುತಿಸುವಷ್ಟು ಬೋರ್ಡಿನ ಬಯಾಸ್ ಹೊಸದೆ? ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಎರಡನ್ನು ಬದಲಿಸಿದವನಿಗೆ ಯಂತ್ರ ಸರಿಹೋದರೂ ಕಾರಣ ತಿಳಿಯುವುದಿಲ್ಲ.

ಕೂಲರಿನ ದೋಷದ ಲಕ್ಷಣವೇ ಬೇರೆ. ೨೦೦೧ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ಪತ್ರಿಕೆಯವರು ನಡೆಯುತ್ತಿದ್ದ ಯಂತ್ರಗಳಿಂದ ಕೂಲರನ್ನು ಕಿತ್ತು ನೋಡಿದರು. ಎ.ಎಂ.ಡಿ. ಅಥ್ಲಾನ್ ಸುಟ್ಟುಹೋಯಿತು, ಪೆಂಟಿಯಂ ೪ ತನ್ನ ವೇಗವನ್ನು ತಗ್ಗಿಸಿಕೊಂಡು ಬದುಕಿತು. ಇಂದಿನ ಸಂಸ್ಕಾರಕಗಳೆಲ್ಲ ಈ ಆತ್ಮರಕ್ಷಣೆಯನ್ನು ಕಲಿತಿವೆ. ಆದುದರಿಂದ ಯಂತ್ರ ಎದ್ದು, ಕೆಲಸದ ಹೊರೆ ಬಿದ್ದೊಡನೆ ನಿಧಾನಗೊಂಡರೆ ಅಥವಾ ತಾನಾಗಿ ಆರಿದರೆ, ಕೂಲರು ಸಡಿಲವಾಗಿದೆಯೆಂದು ಸಂಶಯಿಸಬೇಕು. ಅದಕ್ಕೆ ಪ್ರತಿಯಾಗಿ, ಸ್ಮೃತಿಪಟ್ಟಿಗಳಲ್ಲಿ ಒಂದು ಎಣಿಕೆಗೆ ಸಿಗದೆಹೋದರೆ, ಒಂದು ಪಕ್ಕದ ತಿರುಪು ಅತಿಯಾಗಿ ಬಿಗಿದು ಸಂಸ್ಕಾರಕ ಓರೆಯಾಗಿರಲೂಬಹುದು. ಸಡಿಲವೂ ದೋಷ, ಅತಿ ಬಿಗಿಯೂ ದೋಷ.

ಇವೆಲ್ಲಕ್ಕಿಂತ ಮಿಗಿಲಾದ ಒಂದು ಎಚ್ಚರಿಕೆಯುಂಟು. ಲೋಹ ಹೋದರೆ ತರಬಹುದು. ಬರಹ ಹೋದರೆ ತರಲಾಗದು. ಇಂದಿನ ಎಷ್ಟೋ ವಿಂಡೋಸ್ ಯಂತ್ರಗಳಲ್ಲಿ ಸಂಗ್ರಹವು ಬಿಟ್‌ಲಾಕರ್ ಎಂಬ ಗೂಢಲಿಪಿಯಲ್ಲಿ ಭದ್ರವಾಗಿರುತ್ತದೆ. ಅದರ ಬೀಗ ಹಳೆಯ ಬೋರ್ಡು, ಸಂಸ್ಕಾರಕಗಳೊಡನೆ ಒಪ್ಪಂದ ಮಾಡಿಕೊಂಡಿರುತ್ತದೆ. ಹೊಸ ಬೋರ್ಡನ್ನು ಕಂಡೊಡನೆ ಅದು ೪೮ ಅಂಕಿಗಳ ಕೀಲಿಯನ್ನು ಕೇಳುತ್ತದೆ. ಆ ಕೀಲಿ ಇಲ್ಲದವರಿಗೆ, ಬೇರೆಡೆ ಪ್ರತಿಯನ್ನೂ ಇಡದಿದ್ದರೆ, ಮಕ್ಕಳ ಚಿತ್ರಗಳಾಗಲಿ ಹತ್ತು ವರ್ಷದ ಹಸ್ತಪ್ರತಿಯಾಗಲಿ ಕೈಗೆ ಸಿಗುವುದಿಲ್ಲ. ಆದುದರಿಂದ ಮೊದಲ ತಿರುಪನ್ನು ಬಿಚ್ಚುವ ಮುನ್ನವೇ ಕೀಲಿಯನ್ನು ಕಾಗದದ ಮೇಲೆ ಬರೆದಿಡಬೇಕು, ಬರಹಗಳ ಪ್ರತಿಯನ್ನು ಬೇರೆಡೆ ಇಡಬೇಕು.

ನಮ್ಮ ಊರುಗಳಲ್ಲಿ ಕೊಡಪಾನಕ್ಕೆ ಕಲಾಯಿ ಹಾಕಿಸಿ, ಕೊಡೆಗೆ ಕಡ್ಡಿ ಕಟ್ಟಿಸಿ ಬಾಳಿದ ಜನ ಬಡತನದಿಂದ ಮಾತ್ರವೇ ಹಾಗೆ ಮಾಡಿದರೆನ್ನುವಂತಿಲ್ಲ. ವಸ್ತುವಿನ ಒಳಗನ್ನು ಬಲ್ಲವರಿಗೆ ಅದನ್ನು ಎಸೆಯುವುದು ಕಷ್ಟ. ಗಣಕಯಂತ್ರದ ಮುಚ್ಚಳವನ್ನು ತೆರೆದು ನೋಡಿದವರಿಗೂ ಅದೇ ಬಗೆಯ ಒಲವು ಹುಟ್ಟುತ್ತದೆ. ಕೈಯಲ್ಲಿರಬೇಕಾದದ್ದು ಒಂದು ತಿರುಪುಳಿ, ಮನಸ್ಸಿನಲ್ಲಿರಬೇಕಾದದ್ದು ತಾಳ್ಮೆ. ಕಾವು ಏರದಂತೆ ನೋಡಿಕೊಳ್ಳಬೇಕಾದದ್ದು ಯಂತ್ರದಲ್ಲಿ ಮಾತ್ರವಲ್ಲ, ರಿಪೇರಿ ಮಾಡುವವರಲ್ಲಿಯೂ.