ಸಾಲುಗಳನ್ನು ಎಣಿಸಿದರೆ ಸಾಕೆ?



ಪರೀಕ್ಷೆಯಲ್ಲಿ ಹೆಚ್ಚುವರಿ ಹಾಳೆ ಕೇಳಿ ಪಡೆದವರಿಗೇ ಹೆಚ್ಚು ಅಂಕ ಎಂಬ ನಂಬಿಕೆ ನಿಮ್ಮಲ್ಲೂ ಕೆಲವರಿಗೆ ಇರಬಹುದು. ತಂತ್ರಾಂಶ ತಯಾರಿಸುವ ಕಂಪನಿಗಳನ್ನೂ ಇಂಥದೇ ನಂಬಿಕೆ ಬಹುಕಾಲ ಕಾಡಿದೆ. ಗಣಕಕ್ಕೆ ಕೊಡುವ ಆದೇಶಗಳನ್ನು ಸಾಲು ಸಾಲಾಗಿ ಬರೆಯುತ್ತಾರಲ್ಲವೆ? ಹೆಚ್ಚು ಸಾಲು ಬರೆದವರೇ ಹೆಚ್ಚು ದುಡಿದವರು ಎಂಬುದು ಅಲ್ಲಿನ ಲೆಕ್ಕ.

1982ರ ಆರಂಭದಲ್ಲಿ ಅಮೆರಿಕದ ಆಪಲ್ ಕಂಪನಿಯಲ್ಲಿ ಲಿಸಾ ಎಂಬ ಹೊಸ ಗಣಕದ ತಂತ್ರಾಂಶವನ್ನು ಬೇಗ ಮುಗಿಸುವ ಆತುರವಿತ್ತು. ಪ್ರತಿ ವಾರ ತಾವು ಬರೆದ ಸಾಲುಗಳ ಸಂಖ್ಯೆಯನ್ನು ಒಂದು ನಮೂನೆಯಲ್ಲಿ ತುಂಬಿಕೊಡಬೇಕೆಂದು ಎಂಜಿನಿಯರುಗಳಿಗೆ ಅಪ್ಪಣೆಯಾಯಿತು. ಪರದೆಯ ಮೇಲೆ ಚಿತ್ರ ಮೂಡಿಸುವ ಕ್ವಿಕ್‌ಡ್ರಾ ಎಂಬ ತಂತ್ರಾಂಶದ ಒಂದು ಭಾಗವನ್ನು ಬಿಲ್ ಅಟ್ಕಿನ್ಸನ್ ಆಗಷ್ಟೇ ಹೊಸ ಕ್ರಮದಲ್ಲಿ ತಿರುಗಿ ಬರೆದಿದ್ದರು. ಅದರ ವೇಗ ಸುಮಾರು 6 ಪಟ್ಟು ಹೆಚ್ಚಿತ್ತು. ಸುಮಾರು 2000 ಸಾಲುಗಳು ಬೇಡವಾಗಿದ್ದವು. ನಮೂನೆಯಲ್ಲಿ ಏನೆಂದು ತುಂಬುವುದು? ಅವರು ‘-2000’ ಎಂದು ಬರೆದುಕೊಟ್ಟರು! ಕೆಲವು ವಾರಗಳಲ್ಲಿ ಅವರಿಂದ ನಮೂನೆ ಕೇಳುವುದನ್ನೇ ನಿಲ್ಲಿಸಿದರೆಂದು ಅವರ ಸಹೋದ್ಯೋಗಿ ಆಂಡಿ ಹರ್ಟ್ಸ್‌ಫೆಲ್ಡ್ ಬರೆದಿದ್ದಾರೆ.

ನೀವೇ ಪರೀಕ್ಷಿಸಿ ನೋಡಿ. 1ರಿಂದ 100ರವರೆಗಿನ ಸಂಖ್ಯೆಗಳನ್ನು ಕೂಡಿಸಲು ನೂರು ಆದೇಶ ಬರೆಯಬಹುದು. ಒಂದೇ ಆದೇಶವನ್ನು ಪುನರಾವರ್ತಿಸುವಂತೆ ಮಾಡಿ ಮೂರು ನಾಲ್ಕು ಸಾಲಿನಲ್ಲೂ ಮುಗಿಸಬಹುದು. ಗಣಿತ ಬಲ್ಲವರು 100ನ್ನು 101ರಿಂದ ಗುಣಿಸಿ, 2ರಿಂದ ಭಾಗಿಸಿ, ಒಂದೇ ಸಾಲಿನಲ್ಲಿ 5050 ಎಂಬ ಉತ್ತರ ಪಡೆಯುತ್ತಾರೆ. ಸಾಲು ಎಣಿಸುವವರ ಕಣ್ಣಿಗೆ ಈ ಕೊನೆಯವರೇ ಮಹಾ ಸೋಮಾರಿಗಳು! ಬರೆದ ಪ್ರತಿಯೊಂದು ಸಾಲನ್ನೂ ಮುಂದೆ ಯಾರೋ ಓದಬೇಕು, ಪರೀಕ್ಷಿಸಬೇಕು, ತಿದ್ದಬೇಕು. ಆದ್ದರಿಂದಲೇ ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1988ರಲ್ಲಿ, ಸಾಲುಗಳನ್ನು ಉತ್ಪನ್ನವೆಂದಲ್ಲ, ಖರ್ಚೆಂದು ಬರೆದುಕೊಳ್ಳಬೇಕು ಎಂದು ವಾದಿಸಿದರು.

ಹಾಗಾದರೆ ತಿದ್ದಿದ ದೋಷಗಳನ್ನು ಎಣಿಸೋಣವೆ? ಆಗ ಮೊದಲೇ ದೋಷವಿಲ್ಲದಂತೆ ಬರೆದವರಿಗೆ ಎಣಿಸಲು ಏನೂ ಉಳಿಯುವುದಿಲ್ಲ. ಅಳತೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಸಂಬಳವೂ ಬಡ್ತಿಯೂ ಒಂದೇ ಅಂಕಿಯನ್ನು ಅವಲಂಬಿಸಿದಾಗ ಜನ ಕೆಲಸವನ್ನು ಬಿಟ್ಟು ಅಂಕಿಗಾಗಿ ದುಡಿಯತೊಡಗುತ್ತಾರೆ. ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳು ನಿಮಿಷದೊಳಗೆ ನೂರಾರು ಸಾಲು ಬರೆದುಕೊಡುತ್ತವೆ. ಆ ಅಂಕಿಯನ್ನು ಹಿಗ್ಗಿಸುವುದು ಇನ್ನೂ ಸುಲಭವಾಗಿದೆ.

ನಾಳೆ ನಿಮ್ಮಲ್ಲಿ ಹಲವರು ಈ ಉದ್ಯೋಗಕ್ಕೆ ಸೇರುವಿರಿ. ಹೊಸದಾಗಿ ಬಂದ ನಿಮ್ಮ ಪಕ್ಕದಲ್ಲಿ ಒಬ್ಬ ಹಿರಿಯರು ಎರಡು ಗಂಟೆ ಕುಳಿತು, ಎಲ್ಲಿ ತಪ್ಪಾಗಿದೆಯೆಂದು ತಾಳ್ಮೆಯಿಂದ ತೋರಿಸಿಕೊಟ್ಟಾರು. ಆ ಎರಡು ಗಂಟೆಗಳಿಗೆ ಅವರ ನಮೂನೆಯಲ್ಲಿ ಬೀಳುವ ಅಂಕಿ ಸೊನ್ನೆ.