ಗೂಡು ಎಣಿಸಿದವರು ಕಂಡದ್ದು

ಮಕ್ಕಳೇ, ನಿಮ್ಮ ಅಜ್ಜಿಯನ್ನೋ ತಾತನನ್ನೋ ಒಮ್ಮೆ ಕೇಳಿ ನೋಡಿ: ಊರಾಚೆ ದನ ಸತ್ತು ಬಿದ್ದರೆ ಮುಂಚೆ ಏನಾಗುತ್ತಿತ್ತು? ರಣಹದ್ದುಗಳ ದಂಡು ಬಂದಿಳಿದು, ನೋಡನೋಡುತ್ತಲೇ ಮೂಳೆಯಷ್ಟೇ ಉಳಿಸಿ ಹೋಗುತ್ತಿತ್ತು ಎಂದಾರು. ಆ ದಂಡು ಈಗೆಲ್ಲಿ?

ರಾಜಸ್ಥಾನದ ಭರತಪುರದಲ್ಲಿ ಹಕ್ಕಿಗಳಿಗೆ ಹೆಸರಾದ ಕೇವಲಾದೇವ್ ಉದ್ಯಾನವಿದೆ. 1987–88ರಲ್ಲಿ ಅಲ್ಲಿನ ಮರಗಳ ಮೇಲೆ 353 ಜೋಡಿ ಬಿಳಿಬೆನ್ನಿನ ರಣಹದ್ದುಗಳು ಗೂಡು ಕಟ್ಟಿದ್ದವು. ಸುಮಾರು ಹತ್ತು ವರ್ಷದ ಮೇಲೆ ವಿಜ್ಞಾನಿ ವಿಭು ಪ್ರಕಾಶ್ ಮತ್ತೆ ಲೆಕ್ಕ ಹಾಕಿದರು. ಸಿಕ್ಕಿದ್ದು 150! ಹಳೆಯ ಲೆಕ್ಕ ಇಲ್ಲದಿದ್ದರೆ, ‘150 ಇವೆಯಲ್ಲ, ಬೇಕಾದಷ್ಟಾಯಿತು’ ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು.

ಕಾರಣ ತಿಳಿದದ್ದು 2004ರಲ್ಲಿ. ಪಾಕಿಸ್ತಾನದಲ್ಲಿ ಸತ್ತ ರಣಹದ್ದುಗಳನ್ನು ಪರೀಕ್ಷಿಸಿದವರಿಗೆ ಅವುಗಳ ಮೂತ್ರಪಿಂಡ ಕೆಟ್ಟಿರುವುದು ಕಂಡಿತು. ಜಾನುವಾರುಗಳಿಗೆ ನೋವು ಕಳೆಯಲು ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ಮದ್ದೇ ಅದಕ್ಕೆ ಕಾರಣ. ದನಕ್ಕೆ ಮದ್ದು, ಹದ್ದಿಗೆ ವಿಷ! ಒಂದು ದನದ ಸುತ್ತ ಹತ್ತಾರು ಹದ್ದುಗಳು ಉಣ್ಣುವುದರಿಂದ, ನೂರರಲ್ಲಿ ಒಂದು ದನದ ಮೈಯಲ್ಲಿ ಆ ಮದ್ದು ಉಳಿದಿದ್ದರೂ ಅನಾಹುತಕ್ಕೆ ಸಾಕಿತ್ತು.

ಹದ್ದು ಹೋದರೆ ನಮಗೇನು? ಅದಕ್ಕೂ ಲೆಕ್ಕವೇ ಉತ್ತರ ಹೇಳಿತು. ಇಬ್ಬರು ಅರ್ಥಶಾಸ್ತ್ರಜ್ಞರು, ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್, ನಮ್ಮ ದೇಶದ ಜಿಲ್ಲೆಗಳ ಮರಣದ ದಾಖಲೆಗಳನ್ನು ಹರಡಿಕೊಂಡು ಕೂತರು. ಮೊದಲಿನಿಂದ ರಣಹದ್ದು ಹೆಚ್ಚಾಗಿದ್ದ ಜಿಲ್ಲೆ ಒಂದು ಕಡೆ, ಅವು ಅಷ್ಟಾಗಿ ಇರದ ಜಿಲ್ಲೆ ಇನ್ನೊಂದು ಕಡೆ. ಹದ್ದು ಕಳೆದುಕೊಂಡ ಕಡೆ ಸಾವು ಹೆಚ್ಚಿತ್ತು. ಕೊಳೆತ ಮಾಂಸ ನೀರಿಗೆ ಸೇರಿತ್ತು, ನಾಯಿಗಳು ಹೆಚ್ಚಿದ್ದವು, ಜೊತೆಗೆ ಹುಚ್ಚುನಾಯಿ ರೋಗದ ಭಯ. 2000ದಿಂದ 2005ರೊಳಗೆ ಸುಮಾರು 5 ಲಕ್ಷ ಜನ ಹೆಚ್ಚಾಗಿ ತೀರಿಕೊಂಡರೆಂದು ಅವರು ಅಂದಾಜು ಮಾಡಿದ್ದಾರೆ.

ಅರ್ಥಶಾಸ್ತ್ರಜ್ಞರ ಈ ಲೆಕ್ಕಕ್ಕೂ ಮೊದಲೇ ಹದ್ದುಗಳ ಎಣಿಕೆ ಮನಸ್ಸುಗಳನ್ನು ಬದಲಿಸಿತ್ತು. 2006ರಲ್ಲಿ ಭಾರತ ಡೈಕ್ಲೋಫಿನ್ಯಾಕನ್ನು ಜಾನುವಾರುಗಳಿಗೆ ಕೊಡಬಾರದೆಂದು ನಿಷೇಧಿಸಿತು. ಹದ್ದುಗಳಿಗೆ ಕೇಡು ಮಾಡದ ಮೆಲೋಕ್ಸಿಕ್ಯಾಮ್ ಎಂಬ ಮದ್ದು ಬಳಕೆಗೆ ಬಂತು. ಅಪಶಕುನದ ಹಕ್ಕಿ ಎನಿಸಿಕೊಂಡಿದ್ದ ರಣಹದ್ದಿಗೆಂದೇ 2012ರಲ್ಲಿ ನಮ್ಮ ರಾಮನಗರದ ರಾಮದೇವರಬೆಟ್ಟ ವನ್ಯಧಾಮವಾಯಿತು. ಅಲ್ಲಿನ ಬಂಡೆಗಳ ಮೇಲೆ ಉದ್ದಕೊಕ್ಕಿನ ರಣಹದ್ದುಗಳನ್ನು ಜನ ಇಂದಿಗೂ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ.

ನೀವೂ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅಪರೂಪದ ಹಕ್ಕಿಯೇ ಬೇಕೆಂದಿಲ್ಲ. ಬೆಳಿಗ್ಗೆ ತಂತಿಯ ಮೇಲೆ ಕೂರುವ ಕಾಗೆಗಳನ್ನೇ ಎಣಿಸಿ, ತಾರೀಖು ಹಾಕಿ ಬರೆಯಿರಿ. ಭರತಪುರದ ರಣಹದ್ದೂ ಒಂದು ಕಾಲಕ್ಕೆ ಹೀಗೆಯೇ, ಬೇಕಾದಷ್ಟಿದ್ದ ಹಕ್ಕಿ.